ಹಡ್ಸನ್ ಬೀದಿಯ ಕಿಟಕಿ: ಜೇನ್ ಜೇಕಬ್ಸ್ ಅವರ ನಗರಗ್ರಂಥದ ಒಂದು ವಿಮರ್ಶೆ

೧

ನಗರದ ನಡುವಣ ಹಳೆಯ ಬಡಾವಣೆಯೊಂದು ಕೆಲವೇ ವರ್ಷಗಳಲ್ಲಿ ತರುಣ ಉದ್ಯೋಗಸ್ಥರ ಮೆಚ್ಚಿನ ನೆಲೆಯಾಗಿ ಮಾರ್ಪಡುವುದು ಇಂದು ಲೋಕದ ಅನೇಕ ಪಟ್ಟಣಗಳಲ್ಲಿ ಕಾಣಬರುವ ಸಂಗತಿ. ಹಳೆಯ ಮನೆಗಳಿಗೆ ಹೊಸ ಬಣ್ಣ ಬರುತ್ತದೆ, ದಿನಸಿ ಅಂಗಡಿಯಿದ್ದಲ್ಲಿ ಕಾಫಿಗೃಹ ತಲೆಯೆತ್ತುತ್ತದೆ, ಬಾಡಿಗೆ ಏರುತ್ತದೆ, ಮೊದಲಿದ್ದವರು ಒಬ್ಬೊಬ್ಬರಾಗಿ ಮರೆಯಾಗುತ್ತಾರೆ. ಇಂಥ ನೆಲೆಯಲ್ಲಿ ವಾಸಿಸುವುದು ಏಕೆ ಹಿತವೆಂಬುದನ್ನು ಮನಮುಟ್ಟುವಂತೆ ಹೇಳಿದ ಗ್ರಂಥಗಳಲ್ಲಿ ಜೇನ್ ಜೇಕಬ್ಸ್ ಅವರು ೧೯೬೧ರಲ್ಲಿ ಪ್ರಕಟಿಸಿದ 'ದಿ ಡೆತ್ ಅಂಡ್ ಲೈಫ್ ಆಫ್ ಗ್ರೇಟ್ ಅಮೆರಿಕನ್ ಸಿಟೀಸ್' ಎಂಬುದು ಮುಖ್ಯವಾದುದು. ನಗರದ ಅಭ್ಯಾಸಿಗಳು ಇದನ್ನು ಇಂದಿಗೂ ಓದುತ್ತಾರೆ, ಓದಿಸುತ್ತಾರೆ. ನಾವೂ ಓದಿಸಿದ್ದೇವೆ.

ಈ ಲೇಖನಕ್ಕೆ ಕಾರಣವಾದುದು ತರಗತಿಯಲ್ಲಿ ಎದ್ದ ಒಂದು ಪ್ರಶ್ನೆ. ಜೇಕಬ್ಸರ ಬೀದಿಯಲ್ಲಿ ಅಂಗಡಿಯವರು ನೆರೆಮನೆಯವರ ಬೀಗದ ಕೈಗಳನ್ನು ನಂಬಿಕೆಯ ಮೇಲೆ ಇಟ್ಟುಕೊಳ್ಳುತ್ತಾರೆ. ಆ ಭಾಗವನ್ನು ಓದಿ ಮುಗಿಸಿದಾಗ ವಿದ್ಯಾರ್ಥಿನಿಯೊಬ್ಬಳು, "ಆ ಅಂಗಡಿಯವನು ತನ್ನ ಅಂಗಡಿಗೆ ಎಷ್ಟು ಬಾಡಿಗೆ ಕೊಡುತ್ತಿದ್ದ?" ಎಂದು ಕೇಳಿದಳು. ನಮ್ಮಲ್ಲಿ ಉತ್ತರವಿರಲಿಲ್ಲ. ಗ್ರಂಥವನ್ನು ಮತ್ತೆ ತಿರುವಿಹಾಕಿದರೂ ಸಮರ್ಪಕವಾದ ಉತ್ತರ ದೊರೆಯಲಿಲ್ಲ. ಚಿಕ್ಕದಾಗಿ ತೋರುವ ಈ ಪ್ರಶ್ನೆ ಇಡೀ ಗ್ರಂಥದ ಬುಡವನ್ನೇ ಮುಟ್ಟುತ್ತದೆಂದು ಆಮೇಲೆ ನಮಗೆ ಮನವರಿಕೆಯಾಯಿತು. ಲೇಖಕಿ ಯಾವ ಸಾಕ್ಷ್ಯವನ್ನು ಆಧರಿಸಿ ಬರೆದರು, ಆ ಸಾಕ್ಷ್ಯಕ್ಕೆ ನಿಲುಕದೆ ಹೋದುದು ಯಾವುದು ಎಂಬುದನ್ನು ಇಲ್ಲಿ ಪರಿಶೀಲಿಸಬೇಕೆಂದಿದ್ದೇವೆ.

೨

ಗ್ರಂಥ ಹುಟ್ಟಿದ ಸಂದರ್ಭವನ್ನು ಮೊದಲು ನೆನೆಯುವುದು ಯುಕ್ತ. ಎರಡನೆಯ ಮಹಾಯುದ್ಧದ ತರುವಾಯ ಅಮೆರಿಕದ ನಗರಾಡಳಿತಗಳು ಹಳೆಯ ಕೇರಿಗಳನ್ನು ಕೊಳಚೆಯೆಂದು ಕರೆದು ಕೆಡವಿ, ಅಲ್ಲಿ ಎತ್ತರದ ಕಟ್ಟಡಗಳನ್ನೂ ಹೆದ್ದಾರಿಗಳನ್ನೂ ಕಟ್ಟುವ ಕಾರ್ಯದಲ್ಲಿ ತೊಡಗಿದ್ದವು. ನ್ಯೂಯಾರ್ಕಿನಲ್ಲಿ ಈ ಕಾರ್ಯದ ಸೂತ್ರಧಾರರು ರಾಬರ್ಟ್ ಮೋಸೆಸ್. ವಾಷಿಂಗ್ಟನ್ ಚೌಕದ ಉದ್ಯಾನವನ್ನು ಸೀಳಿ ರಸ್ತೆ ಹಾಯಿಸುವ ಅವರ ಯೋಜನೆಯನ್ನು ಗ್ರೆನಿಚ್ ವಿಲೇಜಿನ ನಿವಾಸಿಗಳು ವಿರೋಧಿಸಿದರು. ೧೯೫೮ರಲ್ಲಿ ಉದ್ಯಾನದೊಳಗೆ ವಾಹನಸಂಚಾರವೇ ನಿಂತಿತು. ೧೯೬೧ರಲ್ಲಿ ಜೇಕಬ್ಸರ ಕೇರಿಯೇ ಪುನರ್ನಿರ್ಮಾಣದ ಪಟ್ಟಿಗೆ ಬಂದಾಗ ಅವರು ನೆರೆಹೊರೆಯವರನ್ನು ಸಂಘಟಿಸಿ ಹೋರಾಡಿದರು. ಮರುವರ್ಷ ನಗರಾಡಳಿತ ಆ ಪ್ರಸ್ತಾಪವನ್ನು ಕೈಬಿಟ್ಟಿತು. ಗ್ರಂಥದ ಮಾತಿನಲ್ಲಿ ಕಾವು ಇರುವುದು ಈ ಕಾರಣದಿಂದ.

ಗ್ರಂಥದ ಸಿದ್ಧಾಂತ ಸ್ಪಷ್ಟವಾದುದು. ಬೀದಿಗೆ ರಕ್ಷಣೆ ಬರುವುದು ಮುಖ್ಯವಾಗಿ ಪೊಲೀಸರಿಂದಲ್ಲ, ಅಲ್ಲಿ ನಡೆದಾಡುವವರ ಮತ್ತು ಕಿಟಕಿಯಿಂದ ನೋಡುತ್ತಿರುವವರ ಕಣ್ಣುಗಳಿಂದ. ನಗರಭಾಗವೊಂದು ಜೀವಂತವಾಗಿರಲು ನಾಲ್ಕು ಷರತ್ತುಗಳು ಕೂಡಿಬರಬೇಕು: ಹಗಲೂ ಇರುಳೂ ಜನರನ್ನು ಸೆಳೆಯುವ ಬಗೆಬಗೆಯ ಉಪಯೋಗಗಳು, ಮೇಲಿಂದ ಮೇಲೆ ತಿರುವುಗಳುಳ್ಳ ಗಿಡ್ಡ ಬೀದಿಗಳು, ಹೊಸ ಕಟ್ಟಡಗಳ ನಡುವೆ ಬೆರೆತ ಹಳೆಯ ಕಟ್ಟಡಗಳು, ಸಾಕಷ್ಟು ಒತ್ತಾದ ಜನವಸತಿ. ಮೂರನೆಯ ಷರತ್ತಿಗೆ ಲೇಖಕಿ ಆರ್ಥಿಕ ಕಾರಣ ಕೊಡುತ್ತಾರೆ. ಹೊಸ ಕಟ್ಟಡದ ವೆಚ್ಚ ದೊಡ್ಡದು, ಅದನ್ನು ಹೊರಬಲ್ಲವರು ದೊಡ್ಡ ವ್ಯಾಪಾರಿಗಳು. ಹಳೆಯ ಕಟ್ಟಡದ ಸಾಲ ಎಂದೋ ತೀರಿರುತ್ತದೆಯಾಗಿ ಅಲ್ಲಿ ಸಣ್ಣವರು ಬದುಕಬಲ್ಲರು.

ಈ ವಿವೇಚನೆ ಪ್ರಕಟವಾದ ಹೊಸದರಲ್ಲೇ ಪರೀಕ್ಷೆಗೊಳಗಾಯಿತು. ಹರ್ಬರ್ಟ್ ಗ್ಯಾನ್ಸ್ ಅವರು ೧೯೬೨ರಲ್ಲಿ, ಲೇಖಕಿ ಕಟ್ಟಡ ಮತ್ತು ಬೀದಿಗಳ ಆಕಾರಕ್ಕೆ ಅತಿಯಾದ ಮಹತ್ತ್ವವಿತ್ತು, ಜನರ ವರ್ಗವನ್ನೂ ಸಂಸ್ಕೃತಿಯನ್ನೂ ಹಿಂದಿಕ್ಕಿದ್ದಾರೆಂದು ಆಕ್ಷೇಪಿಸಿದರು. ಅದೇ ವರ್ಷ ಲೂಯಿಸ್ ಮಂಫರ್ಡ್ ಅವರು ಉದ್ಯಾನನಗರದ ಆದರ್ಶವನ್ನು ಸಮರ್ಥಿಸುತ್ತ ಗ್ರಂಥವನ್ನು ಕಟುವಾಗಿ ಟೀಕಿಸಿದರು. ನಮ್ಮ ಆಕ್ಷೇಪ ಗ್ಯಾನ್ಸರದಕ್ಕೆ ಹತ್ತಿರವಾದುದಾದರೂ ಅದರಿಂದ ಒಂದು ಹೆಜ್ಜೆ ಬೇರೆ. ನಾವು ಕೇಳುವುದು, ಆ ಜನರು ಅಲ್ಲಿ ಯಾವ ಹಕ್ಕಿನ ಮೇಲೆ ವಾಸವಾಗಿದ್ದರು ಎಂಬುದನ್ನು.

೩

ಲೇಖಕಿಯ ಮುಖ್ಯ ಸಾಕ್ಷ್ಯ ಅವರ ಮನೆಯ ಕಿಟಕಿ. ಹಡ್ಸನ್ ಬೀದಿಯ ೫೫೫ನೆಯ ಸಂಖ್ಯೆಯ ಮನೆಯಿಂದ ಅವರು ಬೀದಿಯ ಒಂದು ದಿನವನ್ನು ಬೆಳಗಿನಿಂದ ನಡುರಾತ್ರಿಯವರೆಗೆ ವರ್ಣಿಸುತ್ತಾರೆ. ಅಂಗಡಿಗಳ ಬಾಗಿಲು ತೆರೆಯುವುದು, ಮಕ್ಕಳು ಶಾಲೆಗೆ ನಡೆಯುವುದು, ಹಡಗುಕಟ್ಟೆಯ ಕೂಲಿಗಳು ಪಾನಗೃಹದಲ್ಲಿ ಸೇರುವುದು, ಎಲ್ಲವೂ ಒಂದು ನೃತ್ಯದ ಹೆಜ್ಜೆಗಳಂತೆ ಅವರಿಗೆ ಕಾಣುತ್ತವೆ. ಈ ವರ್ಣನೆ ಸತ್ಯವಾದುದೆಂಬುದರಲ್ಲಿ ನಮಗೆ ಸಂಶಯವಿಲ್ಲ. ಆದರೆ ಕಿಟಕಿಯೆಂಬುದು ವಿಶಿಷ್ಟ ಬಗೆಯ ಸಾಕ್ಷಿ. ಯಾರು ಬಂದರು, ಯಾರು ಹೋದರು, ಯಾರು ಯಾರೊಡನೆ ಮಾತಾಡಿದರು ಎಂಬುದನ್ನು ಅದು ಹೇಳಬಲ್ಲದು. ಯಾರ ಕರಾರು ಯಾವಾಗ ಮುಗಿಯುತ್ತದೆ, ಯಾರ ಬಾಡಿಗೆ ಯಾವ ಶಾಸನದ ಕೆಳಗೆ ನಿಂತಿದೆ ಎಂಬುದನ್ನು ಹೇಳಲಾರದು.

ಇನ್ನು, ಕಿಟಕಿ ಯಾರದು? ಜೇಕಬ್ಸ್ ದಂಪತಿಗಳು ಆ ಮನೆಯನ್ನು ೧೯೪೭ರಲ್ಲಿ ಕೊಂಡುಕೊಂಡಿದ್ದರು. ಹಿಂದೆ ಕೆಳಭಾಗದಲ್ಲಿ ಮಿಠಾಯಿ ಅಂಗಡಿಯಿದ್ದ, ದುರಸ್ತಿ ಬೇಡುತ್ತಿದ್ದ ಕಟ್ಟಡವದು. ಬೆಲೆ ಸುಮಾರು ೭,೦೦೦ ಡಾಲರು. ಅದೇ ಮನೆ ೨೦೦೯ರಲ್ಲಿ ೩೦ ಲಕ್ಷ ಡಾಲರಿಗೂ ಮೀರಿದ ಬೆಲೆಗೆ ಕೈ ಬದಲಾಯಿಸಿತು. ಜೇಕಬ್ಸರ ಕುಟುಂಬ ವಿಯೆಟ್ನಾಂ ಯುದ್ಧವನ್ನು ವಿರೋಧಿಸಿ ೧೯೬೮ರಲ್ಲಿಯೇ ಕೆನಡಾದ ಟೊರಾಂಟೊಗೆ ಹೋಗಿ ನೆಲೆಸಿದ್ದುದರಿಂದ ಈ ಏರಿಕೆಯ ಲಾಭ ಅವರಿಗೆ ಸಲ್ಲಲಿಲ್ಲ. ಆದುದರಿಂದ ಇದನ್ನು ಅವರ ಮೇಲಿನ ದೋಷಾರೋಪಣೆಯಾಗಿ ನಾವು ಹೇಳುತ್ತಿಲ್ಲ. ನಾವು ಸೂಚಿಸುವುದು ದೃಷ್ಟಿಯ ಸ್ಥಾನವನ್ನು ಮಾತ್ರ. ಮನೆಯೊಡತಿಯ ಕಿಟಕಿಯಿಂದ ನೋಡುವವರಿಗೆ ಬೀದಿಯನ್ನು ಕಸಿಯುವ ಶತ್ರು ಸರ್ಕಾರದ ಬುಲ್ಡೋಜರಿನ ರೂಪದಲ್ಲಿ ಬರುತ್ತದೆ. ಬಾಡಿಗೆದಾರನಿಗೆ ಅದೇ ಶತ್ರು ತಿಂಗಳ ಮೊದಲ ದಿನ ಮನೆಯ ಯಜಮಾನನ ಚೀಟಿಯ ರೂಪದಲ್ಲಿ ಬರುವುದುಂಟು. ಮೊದಲನೆಯದನ್ನು ಜೇಕಬ್ಸ್ ಅವರಂತೆ ಕಂಡವರು ವಿರಳ. ಎರಡನೆಯದು ಅವರ ಕಿಟಕಿಗೆ ದೂರ.

೪

ವಿದ್ಯಾರ್ಥಿನಿಯ ಪ್ರಶ್ನೆಗೆ ಈಗ ಹಿಂತಿರುಗೋಣ. ಆ ಒಬ್ಬ ಅಂಗಡಿಯವನ ಬಾಡಿಗೆಯ ಮೊತ್ತ ನಮಗೆ ತಿಳಿಯದಿದ್ದರೂ ಆ ಕಾಲದ ಬಾಡಿಗೆಗಳ ಶಾಸನಸ್ಥಿತಿ ತಿಳಿದಿದೆ. ಯುದ್ಧಕಾಲದ ಕೇಂದ್ರ ಶಾಸನದ ಮೇರೆಗೆ ನ್ಯೂಯಾರ್ಕ್ ನಗರದ ವಸತಿ ಬಾಡಿಗೆಗಳನ್ನು ೧೯೪೩ರಲ್ಲಿ ಕಟ್ಟಿಹಾಕಲಾಯಿತು. ೧೯೫೦ರಲ್ಲಿ ನ್ಯೂಯಾರ್ಕ್ ಸಂಸ್ಥಾನವೂ ೧೯೬೨ರಲ್ಲಿ ನಗರವೂ ಈ ನಿಯಂತ್ರಣದ ಹೊಣೆಯನ್ನು ವಹಿಸಿಕೊಂಡವು. ೧೯೪೭ಕ್ಕೆ ಮುಂಚೆ ಕಟ್ಟಿದ ಬಾಡಿಗೆ ಮನೆಗಳಿಗೆ ಇದು ಮುಖ್ಯವಾಗಿ ಅನ್ವಯಿಸುತ್ತಿತ್ತು. ಇದಕ್ಕಿಂತ ಗಮನಾರ್ಹವಾದುದು, ಅಂಗಡಿ ಮತ್ತು ಕಾರ್ಯಾಗಾರಗಳ ಬಾಡಿಗೆಗಳೂ ೧೯೪೫ರಿಂದ ೧೯೬೩ರ ಕೊನೆಯವರೆಗೆ, ಕೆಲವು ವಿನಾಯಿತಿಗಳೊಡನೆ, ನಿಯಂತ್ರಣದಲ್ಲಿದ್ದವು ಎಂಬ ಸಂಗತಿ.

ಅಂದಮೇಲೆ, ಗ್ರಂಥ ರಚಿತವಾದ ವರ್ಷಗಳಲ್ಲಿ ಹಳೆಯ ಕಟ್ಟಡಗಳಲ್ಲಿ ಸಣ್ಣವರು ಬದುಕಿದುದಕ್ಕೆ ಕಟ್ಟಡದ ವಯಸ್ಸೊಂದೇ ಕಾರಣವೆನ್ನುವಂತಿಲ್ಲ. ಹಳೆಯ ಗೋಡೆಗಳ ಹಿಂದೆ ಶಾಸನದ ಗೋಡೆಯೊಂದು ನಿಂತಿತ್ತು. ಅದು ಕಿಟಕಿಯಿಂದ ಕಾಣುವಂಥದಲ್ಲ. ಲೇಖಕಿ ಎಣಿಸಿದ ನಾಲ್ಕು ಷರತ್ತುಗಳಲ್ಲಿ ಅದಕ್ಕೆ ಸ್ಥಾನವಿಲ್ಲ. ಇದನ್ನು ನಾವು ಐದನೆಯ ಷರತ್ತೆಂದು ಕರೆಯಬಯಸುತ್ತೇವೆ: ಇರುವವರಿಗೆ ಇರುವ ಹಕ್ಕು.

ಈ ಐದನೆಯದು ಇಲ್ಲದೆ ಉಳಿದ ನಾಲ್ಕು ಇದ್ದರೆ ಏನಾಗುತ್ತದೆಂಬುದಕ್ಕೆ ಅದೇ ನಗರದ ಸೋಹೊ ಎಂಬ ಭಾಗ ನಿದರ್ಶನ. ಹತ್ತೊಂಬತ್ತನೆಯ ಶತಮಾನದ ಎರಕದ ಕಬ್ಬಿಣದ ಮುಖಗಳುಳ್ಳ ಅಲ್ಲಿನ ಕಾರ್ಖಾನೆ ಕಟ್ಟಡಗಳಲ್ಲಿ ಚಿತ್ರಕಾರರು ಮೊದಲು ಶಾಸನಕ್ಕೆ ಹೊರತಾಗಿ ವಾಸವಿದ್ದರು. ೧೯೭೧ರಲ್ಲಿ ಕಲಾವಿದರ ವಾಸಕ್ಕೆ ಅನುಮತಿ ಬಂದಿತು. ೧೯೭೩ರಲ್ಲಿ ಆ ಭಾಗ ಐತಿಹಾಸಿಕ ವಲಯವೆನಿಸಿತು. ಆಮೇಲೆ ಬಂದವರು ಕಲಾವಿದರ ಬದುಕಿನ ಬಗೆಯನ್ನೇ ಕೊಳ್ಳಬಲ್ಲ ಹಣವಂತರು. ಈ ಪರಿವರ್ತನೆಯ ಕ್ರಮವನ್ನು ಶೆರನ್ ಜ಼ೂಕಿನ್ ಅವರು ೧೯೮೨ರ 'ಲಾಫ್ಟ್ ಲಿವಿಂಗ್' ಎಂಬ ಗ್ರಂಥದಲ್ಲಿ ವಿವರಿಸಿದ್ದಾರೆ. ಇಲ್ಲಿ ಹಳೆಯ ಕಟ್ಟಡಗಳು ಅಗ್ಗವಾಗಿ ಉಳಿಯಲಿಲ್ಲ. ಹಳಮೆಯೇ ಬೆಲೆಯನ್ನು ಏರಿಸಿತು. ಹಳೆಯದೆಂಬ ಗುಣ ಸಣ್ಣವರನ್ನು ಕಾಯುತ್ತದೆಂಬ ವಾದ ಇಲ್ಲಿ ಮುರಿದು ಬೀಳುತ್ತದೆ.

೫

ಪೂರ್ವಪಕ್ಷದವರು ಇಲ್ಲಿ ಮೂರು ಮಾತುಗಳನ್ನು ಹೇಳಬಹುದು. ಅವುಗಳಿಗೆ ನ್ಯಾಯ ಸಲ್ಲಿಸದೆ ಮುಂದುವರಿಯುವುದು ಸರಿಯಲ್ಲ.

ಮೊದಲನೆಯದಾಗಿ, ಜೇಕಬ್ಸ್ ಅವರು ಈ ಅಪಾಯವನ್ನು ತಾವೇ ಕಂಡಿದ್ದರು. ವೈವಿಧ್ಯ ತನ್ನ ಯಶಸ್ಸಿನಿಂದಲೇ ತನ್ನನ್ನು ನಾಶಮಾಡಿಕೊಳ್ಳುವ ಬಗೆಗೆ ಒಂದು ಅಧ್ಯಾಯವನ್ನೇ ಮೀಸಲಿಟ್ಟಿದ್ದಾರೆ. ವಿಲೇಜಿನ ಎಂಟನೆಯ ಬೀದಿಯಲ್ಲಿ ಲಾಭದಾಯಕವಾದ ಒಂದೇ ಬಗೆಯ ವ್ಯಾಪಾರ ಉಳಿದವುಗಳನ್ನು ನೂಕತೊಡಗಿದುದನ್ನು ಅವರು ಉದಾಹರಿಸುತ್ತಾರೆ. ಇದು ನಿಜ. ಆದರೆ ಅವರು ಸೂಚಿಸುವ ಪರಿಹಾರಗಳಲ್ಲಿ ಮುಖ್ಯವಾದುವು ವಲಯನಿಯಮ, ಸಾರ್ವಜನಿಕ ಕಟ್ಟಡಗಳ ಸ್ಥೈರ್ಯ, ಇಂಥ ಬೀದಿಗಳು ನಗರದಲ್ಲಿ ಇನ್ನೂ ಹಲವು ಇರುವಂತೆ ಮಾಡುವುದು. ಕೊಳಚೆಯೆನಿಸಿಕೊಂಡ ಕೇರಿ ತಾನಾಗಿ ಸುಧಾರಿಸುವುದು ಅಲ್ಲಿನವರು ಬೇರೆಡೆಗೆ ಹೋಗಬಲ್ಲವರಾಗಿಯೂ ಇಚ್ಛೆಯಿಂದ ಅಲ್ಲಿಯೇ ಉಳಿದಾಗ ಎಂದು ಇನ್ನೊಂದು ಅಧ್ಯಾಯದಲ್ಲಿ ಹೇಳುತ್ತಾರೆ. ಇಚ್ಛೆಯಿದ್ದೂ ಉಳಿಯಲಾರದವನ ವಿಚಾರ ಆ ವಾದಸರಣಿಯಲ್ಲಿ ದುರ್ಬಲವಾಗಿದೆ.

ಎರಡನೆಯದಾಗಿ, ಅವರು ಮಾತಿನಲ್ಲಿಯೇ ನಿಲ್ಲಲಿಲ್ಲ. ಅವರೂ ನೆರೆಯವರೂ ಕೂಡಿ, ಯಾರನ್ನೂ ಎಬ್ಬಿಸದೆ ಖಾಲಿ ನಿವೇಶನಗಳಲ್ಲಿ ಸಾಧಾರಣ ವರಮಾನದವರಿಗಾಗಿ ಮನೆಗಳನ್ನು ಕಟ್ಟುವ ಯೋಜನೆಯನ್ನು ರೂಪಿಸಿದರು. ಹಲವು ವರ್ಷಗಳ ತಡೆಗಳನ್ನು ದಾಟಿ ೧೯೭೦ರ ದಶಕದಲ್ಲಿ ಮುಗಿದ ವೆಸ್ಟ್ ವಿಲೇಜ್ ಹೌಸಸ್ ಎಂಬ ಆ ೪೨ ಕಟ್ಟಡಗಳಲ್ಲಿ ೪೨೦ ಮನೆಗಳಿವೆ. ಇದು ಅವರ ನಡತೆಗೆ ಕೀರ್ತಿ ತರುವಂಥದು. ನಮ್ಮ ದೃಷ್ಟಿಯಲ್ಲಿ ಇದು ನಮ್ಮ ವಾದವನ್ನೇ ಬಲಪಡಿಸುತ್ತದೆ. ಈ ಮನೆಗಳನ್ನು ಸಾಧಾರಣ ವರಮಾನದವರ ಕೈಗೆ ಎಟಕುವಂತೆ ಇಟ್ಟದ್ದು ಕಟ್ಟಡದ ಹಳಮೆಯೂ ಅಲ್ಲ, ಬೀದಿಯ ಅಳತೆಯೂ ಅಲ್ಲ. ಸಂಸ್ಥಾನದ ವಸತಿ ಶಾಸನವೊಂದರ ಕಟ್ಟುಪಾಡು. ಕಾರ್ಯಕರ್ತೆಯಾಗಿ ಅವರು ಒಪ್ಪಿಕೊಂಡುದು ಅವರ ಸಿದ್ಧಾಂತದಲ್ಲಿ ತಕ್ಕ ಸ್ಥಾನ ಪಡೆಯಲಿಲ್ಲ.

ಮೂರನೆಯದು ಚರಿತ್ರೆಯ ವಿದ್ಯಾರ್ಥಿಗಳು ತಾವಾಗಿ ಎತ್ತಬೇಕಾದ ಆಕ್ಷೇಪ. ಹಡ್ಸನ್ ಬೀದಿಯ ಕೂಲಿಗಳು ಕಣ್ಮರೆಯಾದುದಕ್ಕೆ ಬಾಡಿಗೆಯೊಂದೇ ಕಾರಣವಲ್ಲ. ೧೯೫೬ರಲ್ಲಿ ನ್ಯೂಜೆರ್ಸಿಯ ನೂವರ್ಕಿನಿಂದ ಪೆಟ್ಟಿಗೆಸರಕಿನ ಮೊದಲ ಹಡಗು ಹೊರಟ ಮೇಲೆ ಬಂದರಿನ ಕೆಲಸ ಕ್ರಮೇಣ ಮ್ಯಾನ್‌ಹಾಟನ್ನಿನ ಕಟ್ಟೆಗಳನ್ನು ಬಿಟ್ಟು ನದಿಯಾಚೆಗೆ ಸರಿಯಿತು. ಕೆಲಸ ಹೋದಲ್ಲಿ ಕೆಲಸಗಾರನು ಉಳಿಯುವುದು ಕಷ್ಟ. ಇದನ್ನು ನಾವು ಒಪ್ಪುತ್ತೇವೆ. ನಮ್ಮ ಐದನೆಯ ಷರತ್ತೂ ಎಲ್ಲವನ್ನೂ ವಿವರಿಸಲಾರದು. ಆದರೂ ಕೆಲಸ ಕಳೆದುಕೊಂಡವನ ಕುಟುಂಬ ಅದೇ ಬೀದಿಯಲ್ಲಿ ಮತ್ತೊಂದು ಬದುಕನ್ನು ಹುಡುಕಿಕೊಳ್ಳುವಷ್ಟು ಕಾಲ ಅಲ್ಲಿ ಇರಬಹುದೇ ಎಂಬುದನ್ನು ಗೊತ್ತುಮಾಡುವುದು ಮನೆಯ ಮೇಲಿನ ಹಕ್ಕೇ.

೬

ಜೇಕಬ್ಸರ ಗ್ರಂಥ ಬಂದ ಮೂರು ವರ್ಷಗಳಿಗೆ, ೧೯೬೪ರಲ್ಲಿ, ಲಂಡನ್ನಿನಿಂದ ಇನ್ನೊಂದು ಬಗೆಯ ಬರಹ ಹೊರಬಿದ್ದಿತು. ಬರ್ಲಿನ್ನಿನಲ್ಲಿ ಹುಟ್ಟಿ ಲಂಡನ್ನಿನಲ್ಲಿ ನೆಲೆಸಿದ ಸಮಾಜಶಾಸ್ತ್ರಜ್ಞೆ ರೂತ್ ಗ್ಲಾಸ್ ಅವರು 'ಲಂಡನ್: ಆಸ್ಪೆಕ್ಟ್ಸ್ ಆಫ್ ಚೇಂಜ್' ಎಂಬ ಸಂಕಲನಕ್ಕೆ ಬರೆದ ಪೀಠಿಕೆಯದು. ಇಂದು ಎಲ್ಲರ ಬಾಯಲ್ಲಿರುವ 'ಜೆಂಟ್ರಿಫಿಕೇಷನ್' ಎಂಬ ಶಬ್ದ ಪ್ರಚಾರಕ್ಕೆ ಬಂದುದು ಇದರಿಂದ. ಜೆಂಟ್ರಿ ಎಂದರೆ ಇಂಗ್ಲೆಂಡಿನ ಗ್ರಾಮಾಂತರದ ಭೂಮಾಲೀಕ ಕುಲೀನವರ್ಗ. ಕೆಲಸಗಾರರ ಕೇರಿಗೆ ಬಂದು ಸೇರುತ್ತಿದ್ದ ಮಧ್ಯಮವರ್ಗದವರಿಗೆ ಆ ಹಳೆಯ ಹೆಸರನ್ನು ತೊಡಿಸಿದುದರಲ್ಲಿ ವ್ಯಂಗ್ಯವಿದೆ, ಚರಿತ್ರೆಯ ಅರಿವೂ ಇದೆ: ಪ್ರಶ್ನೆ ನೆಲದ ಒಡೆತನದ್ದೆಂಬುದನ್ನು ಶಬ್ದವೇ ನೆನಪಿಸುತ್ತದೆ. ಕನ್ನಡದಲ್ಲಿ ಇದನ್ನು 'ಕುಲೀನೀಕರಣ' ಎನ್ನಬಹುದೆಂದು ನಮಗೆ ತೋರುತ್ತದೆ.

ಗ್ಲಾಸರ ಬರಹದಲ್ಲಿ ಬೀದಿಯ ನೃತ್ಯವಿಲ್ಲ. ಗುತ್ತಿಗೆಯ ಅವಧಿ ಮುಗಿಯುವುದು, ಬಾಡಿಗೆ ನಿಯಂತ್ರಣ ಸಡಿಲಗೊಳ್ಳುವುದು, ಅನೇಕ ಕುಟುಂಬಗಳಿದ್ದ ಮನೆ ಮತ್ತೆ ಒಂದೇ ಕುಟುಂಬದ್ದಾಗುವುದು ಇವು ಅಲ್ಲಿವೆ. ಇಂಗ್ಲೆಂಡಿನ ೧೯೫೭ರ ಬಾಡಿಗೆ ಶಾಸನದ ಪ್ರಕಾರ ಖಾಲಿಯಾದ ಮನೆ ನಿಯಂತ್ರಣದಿಂದ ಬಿಡುಗಡೆ ಹೊಂದುತ್ತಿತ್ತು. ಮನೆಯನ್ನು ಖಾಲಿ ಮಾಡಿಸಿದಷ್ಟೂ ಯಜಮಾನನಿಗೆ ಲಾಭವೆಂಬ ಸ್ಥಿತಿ ಇದರಿಂದ ಹುಟ್ಟಿತು. ಲಂಡನ್ನಿನ ಇಸ್ಲಿಂಗ್ಟನ್ ಭಾಗದ ಬಾರ್ನ್ಸ್‌ಬರಿಯಂಥ ಕಡೆಗಳಲ್ಲಿ ಹಳೆಯ ಸಾಲುಮನೆಗಳು ಹೀಗೆ ಕೈ ಬದಲಾಯಿಸಿದವು. ೧೯೬೮ರಲ್ಲಿ ಸುರಂಗ ರೈಲಿನ ವಿಕ್ಟೋರಿಯಾ ಮಾರ್ಗ ಹೈಬರಿ ಮತ್ತು ಇಸ್ಲಿಂಗ್ಟನ್ ನಿಲ್ದಾಣಕ್ಕೆ ಬಂದಿತು. ೧೯೬೯ರ ವಸತಿ ಶಾಸನ ಮನೆಗಳ ಸುಧಾರಣೆಗೆ ಕೊಡುವ ಧನಸಹಾಯವನ್ನು ಹೆಚ್ಚಿಸಿತು. ಎರಡೂ ಏರಿಕೆಗೆ ಒತ್ತಾಸೆಯಾದವು.

ಜೇಕಬ್ಸರನ್ನು ಓದಿದವರಿಗೆ ಬೀದಿಯಲ್ಲಿ ವಾಸಿಸಬೇಕೆನಿಸುತ್ತದೆ. ಗ್ಲಾಸರನ್ನು ಓದಿದವರಿಗೆ ಅಲ್ಲಿ ಮೊದಲು ಯಾರಿದ್ದರೆಂದು ಕೇಳಬೇಕೆನಿಸುತ್ತದೆ. ಒಂದರ ಬದಲು ಇನ್ನೊಂದನ್ನು ಓದಬೇಕೆಂದು ನಾವು ಹೇಳುವುದಿಲ್ಲ. ಗ್ಲಾಸರಲ್ಲಿ ಬೀದಿಯ ಸುಖದ ವರ್ಣನೆ ತೀರ ಕಡಿಮೆ; ಏನನ್ನು ಕಳೆದುಕೊಂಡೆವೆಂಬುದನ್ನು ತಿಳಿಯಲು ಜೇಕಬ್ಸರೇ ಬೇಕು.

೭

ನ್ಯೂಯಾರ್ಕು, ಲಂಡನ್ನುಗಳ ಈ ಚರ್ಚೆ ನಮಗೇಕೆ ಎಂದು ಕೇಳಬಹುದು. ನಮ್ಮ ಕಾಲೇಜುಗಳಿಂದ ಪದವಿ ಪಡೆದು ಬೆಂಗಳೂರಿನಲ್ಲಿ ಉದ್ಯೋಗ ಹಿಡಿಯುವ ಅನೇಕ ತರುಣರು ಬಾಡಿಗೆ ಹಿಡಿಯಲು ಬಯಸುವ ನೆಲೆಗಳಲ್ಲಿ ಇಂದಿರಾನಗರ ಒಂದು. ನೂರಡಿ ರಸ್ತೆ, ಹನ್ನೆರಡನೆಯ ಮುಖ್ಯರಸ್ತೆಗಳ ಸಂಜೆಯ ಸಂದಣಿಯನ್ನು ಕಂಡವರು ಜೇಕಬ್ಸರ ನಾಲ್ಕು ಷರತ್ತುಗಳಲ್ಲಿ ಮೂರನ್ನಾದರೂ ಅಲ್ಲಿ ಗುರುತಿಸಬಲ್ಲರು. ಐದನೆಯದರ ಸ್ಥಿತಿಯೇನು?

ಇಲ್ಲಿ ಎಚ್ಚರ ಬೇಕು. ಬಾರ್ನ್ಸ್‌ಬರಿಯ ಕಥೆಯನ್ನು ಹಾಗೆಯೇ ತಂದು ಇಂದಿರಾನಗರಕ್ಕೆ ಹೊದಿಸುವಂತಿಲ್ಲ. ಎಚ್‌ಎಎಲ್ ಎರಡನೆಯ ಹಂತವೆಂಬ ಹೆಸರನ್ನೂ ಹೊತ್ತಿರುವ ಈ ಬಡಾವಣೆ ಹಳೆಯ ಕೆಲಸಗಾರರ ಕೇರಿಯಲ್ಲ. ನಿವೇಶನಗಳನ್ನು ಹಂಚಿ ಯೋಜಿಸಿದ ವಸತಿ ಪ್ರದೇಶ. ಇಲ್ಲಿ ಮೊದಲು ಮನೆ ಕಟ್ಟಿದವರ ಪೈಕಿ ಅನೇಕರು ಸ್ಥಾನಭ್ರಷ್ಟರಾಗಿಲ್ಲ. ಕೆಳಮಹಡಿಯನ್ನು ಅಂಗಡಿಗೆ ಕೊಟ್ಟು ಅನುಕೂಲಸ್ಥರಾಗಿದ್ದಾರೆ. ಅದಕ್ಕೂ ಹಿಂದೆ ಇಲ್ಲಿದ್ದುದು ಬಿನ್ನಮಂಗಲ, ದೂಪನಹಳ್ಳಿ, ಕೋಡಿಹಳ್ಳಿ, ದೊಮ್ಮಲೂರುಗಳಂಥ ಹಳ್ಳಿಗಳು ಮತ್ತು ಅವುಗಳ ಹೊಲಗಳು. ದೊಮ್ಮಲೂರಿನ ಚೊಕ್ಕನಾಥಸ್ವಾಮಿ ದೇವಾಲಯದ ಶಾಸನಗಳು ಆ ಊರಿನ ಪ್ರಾಚೀನತೆಗೆ ಸಾಕ್ಷಿ. ನೆಲ ಕೈಬಿಟ್ಟ ಮೊದಲ ಅಧ್ಯಾಯ ಕಾಫಿಗೃಹಗಳಿಂದಲ್ಲ, ಬಡಾವಣೆಗಾಗಿ ಹೊಲಗಳು ನಿವೇಶನಗಳಾದುದರಿಂದಲೇ ಆರಂಭವಾಯಿತು. ಇಂದಿನ ತರುಣನನ್ನು ಮಾತ್ರ ದೂರುವ ವಿಮರ್ಶೆ ಈ ಅಧ್ಯಾಯವನ್ನು ಮರೆಯುತ್ತದೆ.

ಎರಡನೆಯ ಅಧ್ಯಾಯದಲ್ಲಿ ಬಾಡಿಗೆಯ ಶಾಸನ ಬರುತ್ತದೆ. ಜೇಕಬ್ಸರ ಗ್ರಂಥ ಪ್ರಕಟವಾದ ೧೯೬೧ರಲ್ಲಿಯೇ ಅಂದಿನ ಮೈಸೂರು ರಾಜ್ಯದಲ್ಲಿ ಬಾಡಿಗೆ ನಿಯಂತ್ರಣ ಶಾಸನವಾಯಿತು. ಅದರ ಸ್ಥಾನದಲ್ಲಿ ಬಂದ ೧೯೯೯ರ ಕರ್ನಾಟಕ ಬಾಡಿಗೆ ಶಾಸನ ೨೦೦೧ರ ಕೊನೆಯ ದಿನ ಜಾರಿಗೆ ಬಂದಿತು. ಬೆಂಗಳೂರಿನಲ್ಲಿ ತಿಂಗಳಿಗೆ ೩,೫೦೦ ರೂಪಾಯಿಗಳನ್ನು ಮೀರಿದ ಬಾಡಿಗೆಯ ಮನೆಗಳನ್ನೂ ೧೪ ಚದರ ಮೀಟರಿಗಿಂತ ದೊಡ್ಡದಾದ ಅಂಗಡಿಗಳನ್ನೂ ಅದು ತನ್ನ ವ್ಯಾಪ್ತಿಯಿಂದ ಹೊರಗಿರಿಸಿತು. ೨೦೦೭ರಲ್ಲಿ ಅಂಗೀಕೃತವಾದ ನಗರದ ಪರಿಷ್ಕೃತ ಮಹಾಯೋಜನೆ ವಸತಿಭಾಗದ ಅಗಲವಾದ ರಸ್ತೆಗಳಲ್ಲಿ ವ್ಯಾಪಾರಕ್ಕೆ ಅವಕಾಶವನ್ನು ಹಿಗ್ಗಿಸಿತು. ೨೦೧೧ರ ಅಕ್ಟೋಬರ್ ೨೦ರಂದು ನಗರದ ಮೊದಲ ಮೆಟ್ರೊ ರೈಲು ಇಂದಿರಾನಗರದ ಮೂಲಕ ಓಡಿತು. ಇವನ್ನೆಲ್ಲ ಒಂದರ ಪಕ್ಕದಲ್ಲಿ ಒಂದನ್ನಿಟ್ಟು ನೋಡಿದರೆ, ದರ್ಜಿಯೂ ದಿನಸಿಯವನೂ ಏಕೆ ಕಾಣದಾದರೆಂಬುದಕ್ಕೆ ಅಭಿರುಚಿಯ ಬದಲಾವಣೆಯೊಂದನ್ನೇ ಕಾರಣವಾಗಿ ಹೇಳಬೇಕಾಗಿಲ್ಲ.

ಇನ್ನು ಆ ತರುಣ ಉದ್ಯೋಗಸ್ಥನ ಸ್ಥಿತಿ. ಅವನ ಕೈಯಲ್ಲಿರುವುದು ಹನ್ನೊಂದು ತಿಂಗಳ ಕರಾರು. ಒಂದು ವರ್ಷವನ್ನು ಮೀರಿದ ಗುತ್ತಿಗೆಯನ್ನು ೧೯೦೮ರ ನೋಂದಣಿ ಶಾಸನದ ಮೇರೆಗೆ ನೋಂದಾಯಿಸಬೇಕಾಗುವುದರಿಂದ ಹುಟ್ಟಿದ ರೂಢಿಯಿದು. ಹತ್ತು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಕೊಡುವ ಪದ್ಧತಿಯೂ ಈ ನಗರದಲ್ಲಿ ಬಹುಕಾಲ ನಡೆದುಬಂದಿದೆ. ಹಿಂದಿದ್ದವನಿಗಿಂತ ಹೆಚ್ಚು ಕೊಟ್ಟು ಬಂದ ಅವನು, ತನಗಿಂತ ಹೆಚ್ಚು ಕೊಡುವವನು ಬಂದಾಗ ಏಳಬೇಕಾದವನು. ಬೀದಿಯ ಮೇಲೆ ಕಣ್ಣಿಡಬೇಕೆಂದು ಜೇಕಬ್ಸ್ ಅವನಿಗೆ ಹೇಳುತ್ತಾರೆ. ಅಷ್ಟು ಕಾಲ ಆ ಕಿಟಕಿಯ ಹಿಂದೆ ನಿಲ್ಲಲು ಅವನಿಗೇ ಆಸ್ಪದವಿಲ್ಲ. ಬೀಗದ ಕೈಯನ್ನು ಅಂಗಡಿಯವನಲ್ಲಿ ಬಿಟ್ಟುಹೋಗುವ ನಂಬಿಕೆ ವರ್ಷಗಳ ಪರಿಚಯದಿಂದ ಬೆಳೆಯುವಂಥದು. ಇಬ್ಬರೂ ಹನ್ನೊಂದು ತಿಂಗಳಿಗೊಮ್ಮೆ ಬದಲಾಗುವ ಬೀದಿಯಲ್ಲಿ ಅದು ಬೇರೂರಲು ಕಾಲವೆಲ್ಲಿ?

ಆದುದರಿಂದ ಜೇಕಬ್ಸರ ಗ್ರಂಥವನ್ನು ಪಠ್ಯದಿಂದ ಕೈಬಿಡಬೇಕೆಂಬುದು ನಮ್ಮ ಅಭಿಪ್ರಾಯವಲ್ಲ. ಅದರೊಡನೆ ಬಾಡಿಗೆಯ ಚೀಟಿಯನ್ನೂ ಓದಿಸಬೇಕು. ನಮ್ಮ ಪಟ್ಟಣಗಳ ಚರಿತ್ರೆಗೆ ಛಾಯಾಚಿತ್ರಗಳೂ ಹಿರಿಯರ ನೆನಪುಗಳೂ ಈಗ ಸಾಕಷ್ಟು ಸಂಗ್ರಹವಾಗುತ್ತಿವೆ. ಬಾಡಿಗೆ ಕರಾರುಗಳು, ಅಂಗಡಿಗಳ ಪರವಾನಗಿ ಪತ್ರಗಳು, ಖಾತೆಯ ನಕಲುಗಳು ಮನೆ ಬದಲಾಯಿಸುವಾಗ ರದ್ದಿಗೆ ಹೋಗುತ್ತಿವೆ. ಈ ವಿಭಾಗದ ವಿದ್ಯಾರ್ಥಿಗಳು ತಂತಮ್ಮ ಬೀದಿಗಳಲ್ಲಿ ಇವನ್ನು ಕೇಳಿ ಪಡೆದು ನಕಲು ಮಾಡಿಟ್ಟರೆ, ಮುಂದೊಂದು ತರಗತಿಯಲ್ಲಿ ಅದೇ ಪ್ರಶ್ನೆ ಎದ್ದಾಗ ಅಧ್ಯಾಪಕರು ನಮ್ಮಂತೆ ನಿರುತ್ತರರಾಗಬೇಕಾಗುವುದಿಲ್ಲ.